ಸಾಗರ ದಾಟಿದ ಸಪೂರ ಒಡಲು: ಏರ್‌ಬಸ್ ಎ321ರ ಯಶೋಗಾಥೆ

ಒಡಲಿನ ಅಗಲ ನಾಲ್ಕು ಮೀಟರಿಗೂ ತುಸು ಕಡಿಮೆ; ಉದ್ದ 44.5 ಮೀಟರ್. ಒಳಗೆ ಓಡಾಡಲು ಒಂದೇ ಹಾದಿ, ಅದರ ಎರಡೂ ಬದಿಗೆ ಮೂರು ಮೂರು ಆಸನಗಳ ಸಾಲು. ಬೆಂಗಳೂರಿನಿಂದ ದೆಹಲಿಗೋ ಕೋಲ್ಕತ್ತಕ್ಕೋ ಹೊರಟಾಗ ಏರಿ ಕೂರುವ ಚಿರಪರಿಚಿತ ವಿಮಾನದ ವಿನ್ಯಾಸವೇ ಇದು. 2024ರ ನವೆಂಬರ್‌ನಲ್ಲಿ ಸ್ಪೇನಿನ ಐಬೀರಿಯಾ ಸಂಸ್ಥೆ ಇದೇ ವಿನ್ಯಾಸದ ಹೊಚ್ಚ ಹೊಸ ವಿಮಾನವನ್ನು ಮ್ಯಾಡ್ರಿಡ್ ಮತ್ತು ಬೋಸ್ಟನ್ ನಡುವಿನ ಸಂಚಾರಕ್ಕೆ ಇಳಿಸಿತು. ಸುಮಾರು 5,500 ಕಿಲೋಮೀಟರ್ ಪಥ, ಅದರ ಬಹುಭಾಗ ಅಟ್ಲಾಂಟಿಕ್ ಮಹಾಸಾಗರದ ಮೇಲೆ. ಒಂದು ಕಾಲದಲ್ಲಿ ನಾಲ್ಕು ಎಂಜಿನ್‌ಗಳ ದೈತ್ಯ ವಿಮಾನಗಳ ಸೊತ್ತಾಗಿದ್ದ ಜಲರಾಶಿಯನ್ನು ಎರಡು ಎಂಜಿನ್‌ಗಳ ಈ ಸಪೂರ ವಿಮಾನ ದಿನನಿತ್ಯದ ಕಾಯಕವೆಂಬಂತೆ ದಾಟುತ್ತಿದೆ. ಹಾಗೆ ದಾಟಿದ ಮೇಲೂ ಅದರ ಸಾಮರ್ಥ್ಯ ಮುಗಿಯುವುದಿಲ್ಲ. ಏರ್‌ಬಸ್ ಎ321 ಎಕ್ಸ್‌ಎಲ್‌ಆರ್ ಎಂಬ ಈ ಮಾದರಿಯ ಘೋಷಿತ ಹಾರಾಟ ವ್ಯಾಪ್ತಿ 8,700 ಕಿಲೋಮೀಟರ್.

ವಿಮಾನಯಾನದ ಇತಿಹಾಸದಲ್ಲಿ ಮಹತ್ತರ ಜಿಗಿತಗಳೆಲ್ಲ ಹೊಸ ರೂಪದಲ್ಲಿ ಬಂದವು. ಜಂಬೊ ಜೆಟ್ ಬೃಹತ್ತಾಗಿ ಬಂತು, ಕಾಂಕಾರ್ಡ್ ಬಾಣದಂತೆ ಚೂಪಾಗಿ ಬಂತು. ಎ321ರ ಮಹಿಮೆ ಬೇರೆ ಬಗೆಯದು. ಇರುವ ವಿಮಾನವನ್ನೇ ಇಟ್ಟುಕೊಂಡು, ಅದರ ಮೂಗು, ಕಾಕ್‌ಪಿಟ್, ಒಡಲಿನ ವೃತ್ತ ಯಾವುದನ್ನೂ ಬದಲಿಸದೆ, ಮೂರು ದಶಕಗಳ ಕಾಲ ಅದನ್ನು ತಾಳ್ಮೆಯಿಂದ ಹಿಗ್ಗಿಸುತ್ತ ಬಂದ ಎಂಜಿನಿಯರ್‌ಗಳ ಸಾಧನೆ ಇದು. ಹೆಚ್ಚು ಜನರನ್ನು ಕೂರಿಸಲೆಂದು ಉದ್ದಗೊಂಡ ವಿಮಾನ ಕೊನೆಗೆ ಹೆಚ್ಚು ದೂರ ಹಾರುವ ವಿಮಾನವಾಗಿ ಪರಿಣಮಿಸಿತು.

ಈ ಕುಲದ ಮೂಲಪುರುಷ ಎ320. ಫ್ರಾನ್ಸ್, ಜರ್ಮನಿ, ಬ್ರಿಟನ್ ಮತ್ತು ಸ್ಪೇನ್‌ಗಳ ಸಹಯೋಗದಲ್ಲಿ ರೂಪುಗೊಂಡ ಏರ್‌ಬಸ್ ಅದನ್ನು ಘೋಷಿಸಿದ್ದು 1984ರಲ್ಲಿ; ಅದು ಮೊದಲು ಹಾರಿದ್ದು 1987ರ ಫೆಬ್ರುವರಿ 22ರಂದು, ಫ್ರಾನ್ಸಿನ ಟುಲೂಸ್‌ನಲ್ಲಿ. ಪೈಲಟ್‌ನ ಕೈಚಲನೆಯನ್ನು ತಂತಿಹಗ್ಗ, ರಾಟೆಗಳ ಮೂಲಕ ರೆಕ್ಕೆಗೆ ದಾಟಿಸುವ ಹಳೆಯ ಪದ್ಧತಿಗೆ ಇಲ್ಲಿ ವಿದಾಯ ಹೇಳಲಾಯಿತು. ಪಕ್ಕದಲ್ಲಿರುವ ಪುಟ್ಟ ಹಿಡಿಕೆಯನ್ನು ಪೈಲಟ್ ವಾಲಿಸಿದಾಗ ಹೊಮ್ಮುವ ವಿದ್ಯುತ್ ಸಂಕೇತವನ್ನು ಕಂಪ್ಯೂಟರ್‌ಗಳು ಪರಿಶೀಲಿಸಿ, ವಿಮಾನದ ಸುರಕ್ಷತೆಯ ಎಲ್ಲೆ ಮೀರದಂತೆ ನೋಡಿಕೊಂಡು, ರೆಕ್ಕೆ ಮತ್ತು ಬಾಲದ ಫಲಕಗಳನ್ನು ಚಲಿಸುತ್ತವೆ. ಫ್ಲೈ-ಬೈ-ವೈರ್ ಎಂಬ ಈ ಡಿಜಿಟಲ್ ವ್ಯವಸ್ಥೆಯನ್ನು ಪ್ರಯಾಣಿಕ ವಿಮಾನಕ್ಕೆ ತರಲೇಬೇಕೆಂದು ಹಟತೊಟ್ಟವರಲ್ಲಿ ಪ್ರಮುಖರು ಪರೀಕ್ಷಾ ಪೈಲಟ್ ಬರ್ನಾರ್ ಝೀಗ್ಲರ್; ಚೊಚ್ಚಲ ಹಾರಾಟದಲ್ಲಿಯೂ ಅವರು ಕಾಕ್‌ಪಿಟ್‌ನಲ್ಲಿದ್ದರು. ಎ321ರ ಮುಂದಿನ ಭಾಗ್ಯವೆಲ್ಲ ಈ ನಿರ್ಧಾರದಲ್ಲೇ ಅಡಗಿತ್ತು. ಉದ್ದ ಬೇರೆಯಾದರೂ ತೂಕ ಬೇರೆಯಾದರೂ ಪೈಲಟ್‌ನ ಕೈಗೆ ವಿಮಾನ ಒಂದೇ ತೆರನಾಗಿ ಸ್ಪಂದಿಸುವಂತೆ ಕಂಪ್ಯೂಟರ್ ನೋಡಿಕೊಳ್ಳಬಲ್ಲದು. ಆದ್ದರಿಂದಲೇ ಎ320 ಹಾರಿಸುವವರು ಅದೇ ಅರ್ಹತೆಯಡಿ ಎ321ರಲ್ಲಿಯೂ ಕೂರುತ್ತಾರೆ. ವಿಮಾನ ಸಂಸ್ಥೆಗಳ ಲೆಕ್ಕಪತ್ರದಲ್ಲಿ ಇದರ ಬೆಲೆ ಅಪಾರ.

ಎ320 ಸೇವೆಗೆ ಇಳಿದ 1988ರಲ್ಲೇ ಅದರ ನೀಳ ಸಹೋದರನ ನಿರ್ಮಾಣವನ್ನೂ ಏರ್‌ಬಸ್ ಘೋಷಿಸಿತು. ವಿಮಾನವನ್ನು ಹಿಗ್ಗಿಸುವ ವಿದ್ಯೆ ಆಗಲೇ ಹಳೆಯದು. ಅಮೆರಿಕದ ಡಗ್ಲಾಸ್ ಕಂಪನಿ 1960ರ ದಶಕದಲ್ಲೇ ತನ್ನ ಡಿಸಿ-8 ವಿಮಾನವನ್ನು 57 ಮೀಟರ್ ಉದ್ದಕ್ಕೆ ಎಳೆದಿತ್ತು. ಮುಂದೆ ಬೋಯಿಂಗ್ ತನ್ನ 757ಅನ್ನು 54 ಮೀಟರಿಗೆ ಹಿಗ್ಗಿಸಿತಾದರೂ ಆ 757-300 ಮಾದರಿ ಬರೀ 55 ವಿಮಾನಗಳಿಗೆ ನಿಂತುಹೋಯಿತು. ಉದ್ದ ಹೆಚ್ಚಿಸಿದ ಮಾತ್ರಕ್ಕೆ ವಿಮಾನ ಗೆಲ್ಲುವುದಿಲ್ಲ. ಎಲ್ಲಿ ಎಳೆಯಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂಬ ವಿವೇಕವೇ ಇಲ್ಲಿ ಮುಖ್ಯ.

ಎ321ರಲ್ಲಿ ಆ ವಿವೇಕ ಎದ್ದು ಕಾಣುತ್ತದೆ. ಎ320ರ ಒಡಲನ್ನು ರೆಕ್ಕೆಯ ಮುಂದೆ ಮತ್ತು ಹಿಂದೆ ಎರಡು ಕಡೆ ಬಿಡಿಸಿ, ಮುಂದೆ 4.27 ಮೀಟರ್, ಹಿಂದೆ 2.67 ಮೀಟರ್ ಉದ್ದದ ಹೊಸ ಖಂಡಗಳನ್ನು ಸೇರಿಸಲಾಯಿತು. ಒಟ್ಟು ಸುಮಾರು ಏಳು ಮೀಟರ್. ಈ ಎರಡು ಅಳತೆಗಳ ಅಸಮತೆ ಆಕಸ್ಮಿಕವಲ್ಲ. ತಕ್ಕಡಿಯ ಎರಡು ತಟ್ಟೆಗಳಂತೆ ರೆಕ್ಕೆಯ ಇಬ್ಬದಿಯ ಭಾರ ಸರಿದೂಗಬೇಕು. ಜತೆಗೆ ಹಿಂಭಾಗ ಅತಿಯಾಗಿ ಉದ್ದವಾದರೆ ಮೂಗೆತ್ತಿ ಏರುವ ಗಳಿಗೆಯಲ್ಲಿ ಬಾಲ ರನ್‌ವೇಗೆ ತಾಗುವ ಅಪಾಯ. ಇಷ್ಟು ಎಚ್ಚರ ವಹಿಸಿದರೂ ಎ320ಗಿಂತ ಕಡಿಮೆ ಕೋನಕ್ಕೇ ಎ321ರ ಬಾಲ ನೆಲ ಮುಟ್ಟುತ್ತದೆ. ಭಾರತವೂ ಸೇರಿದಂತೆ ಹಲವೆಡೆ ಇಂಥ ಘಟನೆಗಳು ನಡೆದಿವೆ. ಎ320ರಲ್ಲಿ ಪಳಗಿದ ಪೈಲಟ್‌ಗಳಿಗೆ ಎ321ರ ತರಬೇತಿಯಲ್ಲಿ ಒತ್ತಿ ಹೇಳುವ ಪಾಠವೂ ಇದೇ: ಮೂಗನ್ನು ಸಾವಧಾನವಾಗಿ ಎತ್ತಬೇಕು.

ರೆಕ್ಕೆಯ ಕಥೆ ಇನ್ನೂ ಸ್ವಾರಸ್ಯಕರ. ಹೊಸ ರೆಕ್ಕೆಯನ್ನು ರೂಪಿಸುವುದೆಂದರೆ ಹೆಚ್ಚುಕಡಿಮೆ ಹೊಸ ವಿಮಾನವನ್ನೇ ರೂಪಿಸಿದಂತೆ. ಅಷ್ಟು ಖರ್ಚು ಏರ್‌ಬಸ್‌ಗೆ ಬೇಡವಾಗಿತ್ತು. ಹಾಗಾಗಿ ಮೂಲ ರೆಕ್ಕೆಯನ್ನೇ ಬಲಪಡಿಸಿ, ಹಿಂಬದಿಯ ಅಂಚನ್ನು ತುಸು ವಿಸ್ತರಿಸಿ, ಇಳಿಯುವಾಗ ಹೊರಚಾಚುವ ಫ್ಲ್ಯಾಪ್‌ಗಳನ್ನು ಎರಡು ಸೀಳುಗಳವುಗಳನ್ನಾಗಿ ಮಾರ್ಪಡಿಸಿದರು. ಕಿಟಕಿಯ ಪಕ್ಕ, ರೆಕ್ಕೆಯ ತುಸು ಹಿಂದಿನ ಸಾಲಿನಲ್ಲಿ ಕುಳಿತರೆ ಇದು ಕಣ್ಣಿಗೇ ಕಾಣುತ್ತದೆ. ಮೊದಲ ತಲೆಮಾರಿನ ಎ321 ಇಳಿಯಲು ಅಣಿಯಾದಾಗ ಫ್ಲ್ಯಾಪ್ ಒಂದೇ ಹಲಗೆಯಾಗಿ ಹೊರಬರುವುದಿಲ್ಲ; ಮುಖ್ಯ ಹಲಗೆಯ ಹಿಂದೆ ಮತ್ತೊಂದು ಕಿರುಹಲಗೆ ಬಿಚ್ಚಿಕೊಳ್ಳುತ್ತದೆ, ನಡುವಿನ ಸಂದಿನಿಂದ ಗಾಳಿ ನುಗ್ಗಿ ರೆಕ್ಕೆಗೆ ಹೆಚ್ಚಿನ ಎತ್ತುವಿಕೆ ಕೊಡುತ್ತದೆ. ಹೆಚ್ಚಿದ ತೂಕವನ್ನು ಹೊತ್ತೂ ಸಾಧಾರಣ ರನ್‌ವೇಗಳಲ್ಲಿ ಇಳಿಯಲು ಸಾಧ್ಯವಾದದ್ದು ಹೀಗೆ.

1993ರ ಮಾರ್ಚ್ 11ರಂದು ಮೊದಲ ಎ321 ಗಗನಕ್ಕೇರಿತು. ಅದು ಏರಿದ್ದು ಜರ್ಮನಿಯ ಹ್ಯಾಂಬರ್ಗ್‌ನ ಫಿಂಕನ್‌ವೆರ್ಡರ್‌ನಿಂದ. ಎಲ್ಬ್ ನದಿಯ ದಂಡೆಯ ಈ ತಾಣದಲ್ಲಿ ಹಿಂದೆ ನೀರಿನ ಮೇಲಿಳಿಯುವ ಹಾರುದೋಣಿಗಳನ್ನು ಕಟ್ಟುತ್ತಿದ್ದರು. ಅಲ್ಲಿಯವರೆಗೆ ಏರ್‌ಬಸ್ ವಿಮಾನಗಳ ಅಂತಿಮ ಜೋಡಣೆ ಟುಲೂಸ್‌ನಲ್ಲೇ ನಡೆಯುತ್ತಿತ್ತು. ಆ ಗೌರವ ಜರ್ಮನಿಗೆ ದಕ್ಕಿದ್ದು ಎ321ರಿಂದ. ವೇಲ್ಸ್‌ನ ಬ್ರಾಟನ್‌ನಿಂದ ರೆಕ್ಕೆ, ಫ್ರಾನ್ಸಿನಿಂದ ಮೂಗಿನ ಭಾಗ, ಜರ್ಮನಿಯ ಸ್ಟಾಡ್‌ನಿಂದ ಬಾಲದ ಲಂಬಫಲಕ, ಸ್ಪೇನಿನಿಂದ ಅಡ್ಡಫಲಕ ಇಲ್ಲಿ ಬಂದು ಒಂದಾಗುತ್ತವೆ. 1994ರ ಜನವರಿಯಲ್ಲಿ ಮೊದಲ ವಿಮಾನ ಲುಫ್ತಾನ್ಸಾ ಸಂಸ್ಥೆಯ ಕೈಸೇರಿತು.

ಆದರೂ ಮೊದಲ ಹದಿನೈದು ವರ್ಷ ಎ321 ತಮ್ಮನಾಗಿಯೇ ಉಳಿಯಿತು. ಅಣ್ಣ ಎ320 ಎಲ್ಲೆಡೆ ಮಾರಾಟವಾಗುತ್ತಿದ್ದಾಗ ಈ ನೀಳ ವಿಮಾನವನ್ನು ಕೊಳ್ಳುತ್ತಿದ್ದುದು ಜನದಟ್ಟಣೆಯ ಸಮೀಪದ ಮಾರ್ಗಗಳಿಗೆ ಮಾತ್ರ. ಸ್ಥಿತಿ ಬದಲಾದದ್ದು ಎರಡು ಕಾರಣಗಳಿಂದ. 2004ರಲ್ಲಿ ಬೋಯಿಂಗ್ ತನ್ನ 757ರ ಉತ್ಪಾದನೆಯನ್ನು ಕೊನೆಗೊಳಿಸಿತು. ಮಧ್ಯಮ ಗಾತ್ರದ, ಶಕ್ತಿಶಾಲಿಯಾದ, ಅಟ್ಲಾಂಟಿಕ್ ದಾಟಬಲ್ಲ ಆ ವಿಮಾನದ ಜಾಗವನ್ನು ತುಂಬುವ ಹೊಸ ವಿಮಾನವನ್ನು ಬೋಯಿಂಗ್ ಹಲವು ವರ್ಷ ಚಿಂತಿಸಿತೇ ಹೊರತು ನಿರ್ಮಿಸಲಿಲ್ಲ. ಇನ್ನೊಂದು ಕಾರಣ, 2010ರ ಡಿಸೆಂಬರ್‌ನಲ್ಲಿ ಏರ್‌ಬಸ್ ಘೋಷಿಸಿದ ನಿಯೊ ಮಾಲಿಕೆ.

ನಿಯೊದ ಜೀವಾಳ ಅದರ ಎಂಜಿನ್. ಸಿಎಫ್‌ಎಂ ಕಂಪನಿಯ ಲೀಪ್ ಎಂಜಿನ್‌ನ ಮುಂಭಾಗದ ಬೀಸಣಿಗೆಯ ವ್ಯಾಸ ಸುಮಾರು ಎರಡು ಮೀಟರ್. ಅದೇ ಕಂಪನಿಯ ಹಳೆಯ ಎಂಜಿನ್‌ನಲ್ಲಿ 36 ಲೋಹದ ಅಲಗುಗಳಿದ್ದರೆ ಇದರಲ್ಲಿರುವುದು ಇಂಗಾಲದ ನೂಲನ್ನು ಮೂರು ಆಯಾಮಗಳಲ್ಲಿ ನೇಯ್ದು ಮಾಡಿದ ಬರೀ 18 ಅಲಗುಗಳು. ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಎಂಜಿನ್ ಇನ್ನೊಂದು ಹಾದಿ ಹಿಡಿಯಿತು. ಬೀಸಣಿಗೆ ನಿಧಾನವಾಗಿ, ಟರ್ಬೈನ್ ವೇಗವಾಗಿ ತಿರುಗಿದಾಗ ಎರಡಕ್ಕೂ ಲಾಭ. ಆದ್ದರಿಂದ ಎರಡರ ನಡುವೆ ಗೇರ್ ಪೆಟ್ಟಿಗೆಯನ್ನಿಟ್ಟು, ಬೀಸಣಿಗೆ ಟರ್ಬೈನ್‌ನ ಮೂರನೇ ಒಂದು ಭಾಗದ ವೇಗದಲ್ಲಿ ಸುತ್ತುವಂತೆ ಮಾಡಲಾಯಿತು. ಹೊಸ ಎಂಜಿನ್‌ಗಳು ಮತ್ತು ರೆಕ್ಕೆಯ ತುದಿಯಲ್ಲಿ ಮೇಲ್ಮುಖವಾಗಿ ಬಾಗಿದ ಶಾರ್ಕ್‌ಲೆಟ್‌ಗಳು ಸೇರಿ ಶೇ 15ರಷ್ಟು ಇಂಧನ ಉಳಿಸುತ್ತವೆಂದು ಏರ್‌ಬಸ್ ಹೇಳಿತು. 2016ರ ಫೆಬ್ರುವರಿಯಲ್ಲಿ ಎ321 ನಿಯೊ ಮೊದಲು ಹಾರಿತು. ಒತ್ತಾಗಿ ಆಸನ ಜೋಡಿಸಿದರೆ ಅದರಲ್ಲಿ 244 ಜನ ಪ್ರಯಾಣಿಸಬಹುದು. ಬೇಡಿಕೆಯ ಪ್ರವಾಹ ಎಷ್ಟಿತ್ತೆಂದರೆ, ಇಂದು ಏರ್‌ಬಸ್ ಪೂರೈಸಬೇಕಾಗಿರುವ ಎ320 ಕುಟುಂಬದ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎ321ಗಳೇ. ತಮ್ಮ ಅಣ್ಣನನ್ನು ಹಿಂದಿಕ್ಕಿದ.

ಇಲ್ಲಿಂದ ಮುಂದೆ ಹಿಗ್ಗಿದ್ದು ಉದ್ದವಲ್ಲ, ದೂರ. 97 ಟನ್ ತೂಕದೊಂದಿಗೆ ಮೇಲೇರಬಲ್ಲ ಎ321 ಎಲ್‌ಆರ್ ಮಾದರಿ, ಸರಕು ಕೋಣೆಯಲ್ಲಿ ಮೂರು ಹೆಚ್ಚುವರಿ ಇಂಧನ ತೊಟ್ಟಿಗಳನ್ನಿಟ್ಟುಕೊಂಡು 7,400 ಕಿಲೋಮೀಟರ್ ಕ್ರಮಿಸುವ ಭರವಸೆ ನೀಡಿತು. 2018ರ ಮಾರ್ಚ್‌ನಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಅದು ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪದಿಂದ ಹೊರಟು ಸುಮಾರು ಹನ್ನೊಂದು ತಾಸು ತಡೆಯಿಲ್ಲದೆ ಹಾರಿ ಟುಲೂಸ್ ತಲಪಿತು. ಅಂದು ಆಸನಗಳಲ್ಲಿ ಜನರಿರಲಿಲ್ಲ. ತುಂಬಿದ ವಿಮಾನದಲ್ಲಿ ಮಾನವ ದೇಹಗಳು ಹೊರಸೂಸುವಷ್ಟೇ ಶಾಖ ಹೊಮ್ಮಿಸುವ 162 ಉಪಕರಣಗಳನ್ನು ಕೂರಿಸಲಾಗಿತ್ತು. 2021ರ ಆಗಸ್ಟ್‌ನಲ್ಲಿ ಜೆಟ್‌ಬ್ಲೂ ಸಂಸ್ಥೆ ಇದೇ ಮಾದರಿಯಲ್ಲಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಸೇವೆ ಆರಂಭಿಸಿತು.

ಎಕ್ಸ್‌ಎಲ್‌ಆರ್‌ನ ಕೌಶಲವೆಲ್ಲ ಹೊಟ್ಟೆಯಲ್ಲಿದೆ. ಬಿಡಿ ತೊಟ್ಟಿಗಳು ಸರಕಿನ ಜಾಗವನ್ನೂ ತೂಕವನ್ನೂ ನುಂಗುತ್ತವೆ. ಅವುಗಳ ಬದಲಿಗೆ, ಮುಖ್ಯ ಚಕ್ರಗಳು ಮಡಚಿ ಕೂರುವ ಕೋಣೆಯ ಹಿಂದೆ, ವಿಮಾನದ ಒಡಲಿನ ಚರ್ಮವೇ ತೊಟ್ಟಿಯ ಗೋಡೆಯೂ ಆಗುವಂತೆ 12,900 ಲೀಟರ್‌ಗಳ ಇಂಧನಾಗಾರವನ್ನು ನಿರ್ಮಿಸಲಾಯಿತು. ಹಳೆಯ ಹಲವು ತೊಟ್ಟಿಗಳಿಗಿಂತ ಹೆಚ್ಚು ಇಂಧನ, ಅವುಗಳಿಗಿಂತ ಕಡಿಮೆ ಜಾಗದಲ್ಲಿ. ಮೇಲೆ ಪ್ರಯಾಣಿಕರ ಪಾದ, ಕೆಳಗೆ ತೆಳುವಾದ ಒಡಲು, ನಡುವೆ ಇಷ್ಟೊಂದು ಇಂಧನ! ಸುರಕ್ಷತಾ ಅಧಿಕಾರಿಗಳ ಹುಬ್ಬೇರಿದ್ದರಲ್ಲಿ ಆಶ್ಚರ್ಯವಿಲ್ಲ. ಚಕ್ರ ಬಿಚ್ಚದೆ ವಿಮಾನ ಹೊಟ್ಟೆಯ ಮೇಲೆ ಇಳಿಯಬೇಕಾಗಿ ಬಂದರೆ? ಹೊರಗೆ ಬೆಂಕಿ ಹೊತ್ತಿಕೊಂಡರೆ?

ಇದು ಕೇವಲ ಊಹೆಯ ಪ್ರಶ್ನೆಯಾಗಿರಲಿಲ್ಲ. 2019ರ ಆಗಸ್ಟ್ 15ರಂದು ಮಾಸ್ಕೊದ ಝುಕೋವ್‌ಸ್ಕಿ ನಿಲ್ದಾಣದಿಂದ ಮೇಲೇರಿದ ಯೂರಲ್ ಏರ್‌ಲೈನ್ಸ್‌ನ ಎ321ರ ಎರಡೂ ಎಂಜಿನ್‌ಗಳಿಗೆ ಕಡಲಕ್ಕಿಗಳ ಹಿಂಡು ಬಡಿಯಿತು. ಕ್ಯಾಪ್ಟನ್ ದಮಿರ್ ಯೂಸುಪೊವ್ ಮತ್ತು ಅವರ ಸಹಪೈಲಟ್ ಚಕ್ರಗಳನ್ನು ಬಿಚ್ಚದೆ, ಎದುರಿಗಿದ್ದ ಮೆಕ್ಕೆಜೋಳದ ಹೊಲದಲ್ಲಿ ವಿಮಾನವನ್ನು ಹೊಟ್ಟೆಯ ಮೇಲೆ ಇಳಿಸಿದರು. ಇಂಧನ ತುಂಬಿದ ರೆಕ್ಕೆಗಳೊಂದಿಗೆ ಪೈರಿನ ನಡುವೆ ಜಾರಿದ ಆ ವಿಮಾನದಲ್ಲಿದ್ದ 233 ಜನರೂ ಬದುಕುಳಿದರು. ಆಧುನಿಕ ವಿಮಾನಯಾನದ ಅತ್ಯುಜ್ವಲ ಅಧ್ಯಾಯಗಳಲ್ಲಿ ಇದಕ್ಕೊಂದು ಸ್ಥಾನ ಸಲ್ಲಲೇಬೇಕು. ಅಂಥ ಇಳಿತವನ್ನೂ ಹೊಸ ತೊಟ್ಟಿ ತಾಳಿಕೊಳ್ಳಬೇಕೆಂದು ಐರೋಪ್ಯ ನಿಯಂತ್ರಕರು ವಿಶೇಷ ಷರತ್ತುಗಳನ್ನು ವಿಧಿಸಿದರು. ಏರ್‌ಬಸ್ ತೊಟ್ಟಿಯ ಸುತ್ತಲಿನ ರಚನೆಯನ್ನು ಬಲಪಡಿಸಿತು. ಮೊದಲ ಹಾರಾಟ 2022ರ ಜೂನ್‌ನಲ್ಲೇ ಆಗಿದ್ದರೂ ಯುರೋಪಿನ ಪ್ರಮಾಣಪತ್ರ ಸಿಗಲು 2024ರ ಜುಲೈವರೆಗೆ ಕಾಯಬೇಕಾಯಿತು. ಈ ವಿಳಂಬವನ್ನು ದೂರುವುದಕ್ಕಿಂತ ಗೌರವಿಸುವುದೇ ಸರಿ. ಮೊದಲ ಎ320-200ರ ಗರಿಷ್ಠ ತೂಕ 73.5 ಟನ್, ಎಕ್ಸ್‌ಎಲ್‌ಆರ್‌ನದು 101 ಟನ್. ಅದೇ ವಂಶದ ರೆಕ್ಕೆಯ ಮೇಲೆ ಇಪ್ಪತ್ತೇಳು ಟನ್‌ಗೂ ಮಿಕ್ಕಿದ ಅಧಿಕ ಭಾರ! ಅದಕ್ಕೆಂದೇ ಚಕ್ರ, ಬ್ರೇಕ್, ಲ್ಯಾಂಡಿಂಗ್ ಗೇರ್ ಎಲ್ಲವೂ ಬಲಿಷ್ಠಗೊಂಡವು. ದೀರ್ಘ ಪಯಣಕ್ಕೆ ಬೇಕಾದಷ್ಟು ಕುಡಿಯುವ ನೀರಿನ ತೊಟ್ಟಿಯೂ ದೊಡ್ಡದಾಯಿತು.

ಈ ವಿಮಾನ ಕುಟುಂಬದೊಂದಿಗೆ ಕರ್ನಾಟಕದ ನಂಟು ಗಾಢವಾದದ್ದು, ಅದರಲ್ಲೊಂದು ನೋವಿನ ಪುಟವೂ ಇದೆ. ಇಂಡಿಯನ್ ಏರ್‌ಲೈನ್ಸ್ 1989ರಲ್ಲಿ ಎ320ಗಳನ್ನು ಬಳಕೆಗೆ ತಂದಾಗ ನಮ್ಮ ರನ್‌ವೇಗಳ ಸ್ಥಿತಿಗೆ ತಕ್ಕಂತೆ ಪ್ರತಿ ಮುಖ್ಯ ಕಾಲಿಗೆ ಎರಡರ ಬದಲು ನಾಲ್ಕು ಚಕ್ರಗಳ ವಿಶೇಷ ಜೋಡಣೆ ಮಾಡಿಸಿಕೊಂಡಿತ್ತು. ಮರುವರ್ಷ ಫೆಬ್ರುವರಿ 14ರಂದು ಅಂಥದೊಂದು ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮುನ್ನವೇ ನೆಲಕ್ಕಪ್ಪಳಿಸಿ 92 ಜನ ಪ್ರಾಣ ಕಳೆದುಕೊಂಡರು. ಸ್ವಯಂಚಾಲಿತ ವ್ಯವಸ್ಥೆ ಯಾವ ಸ್ಥಿತಿಯಲ್ಲಿದೆ ಎಂಬ ಅರಿವು ಪೈಲಟ್‌ಗೆ ಕ್ಷಣಕ್ಷಣವೂ ಇರಬೇಕೆಂಬ ಪಾಠವನ್ನು ಜಗತ್ತು ಕಲಿತ ದುರಂತಗಳಲ್ಲಿ ಅದೂ ಒಂದು.

ಆ ನಿಲ್ದಾಣಕ್ಕೆ ಹೆಸರು ಕೊಟ್ಟ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್ ದಶಕಗಳ ಕಾಲ ಎ320 ಕುಟುಂಬದ ವಿಮಾನಗಳ ಮುಂಬಾಗಿಲುಗಳನ್ನು ಬೆಂಗಳೂರಿನಲ್ಲಿ ತಯಾರಿಸಿ ಯುರೋಪಿಗೆ ಕಳಿಸಿತು. ರೆಕ್ಕೆಯ ಕೆಳಗೆ ದೋಣಿಯಾಕಾರದ ಕವಚಗಳು ಕಾಣುತ್ತವಲ್ಲ, ಅವುಗಳೊಳಗೆ ಫ್ಲ್ಯಾಪ್‌ಗಳನ್ನು ಹೊತ್ತು ಹೊರಚಾಚಿಸುವ ತೊಲೆಗಳಿರುತ್ತವೆ. ಏರ್‌ಬಸ್‌ಗಾಗಿ ಅಂಥ ತೊಲೆಗಳನ್ನು ತಯಾರಿಸುವ ಹೆಗ್ಗಳಿಕೆ ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿಯದು. ಬೆಳಗಾವಿಯ ಏಕಸ್ ಕಾರ್ಖಾನೆಗಳಲ್ಲಿ ಈ ಕುಟುಂಬದ ಅಸಂಖ್ಯ ಬಿಡಿಭಾಗಗಳು ಸಿದ್ಧವಾಗುತ್ತವೆ. ಏರ್‌ಬಸ್‌ನ ಎಂಜಿನಿಯರಿಂಗ್ ಕೇಂದ್ರ 2007ರಿಂದ ಬೆಂಗಳೂರಿನಲ್ಲಿದೆ. ಎ321ಅನ್ನು ಕನ್ನಡಿಗರಿಗೆ ಮೊದಲು ಪರಿಚಯಿಸಿದ್ದು ಬೆಂಗಳೂರನ್ನು ಪ್ರಮುಖ ನೆಲೆಯಾಗಿಸಿಕೊಂಡಿದ್ದ ಕಿಂಗ್‌ಫಿಷರ್‌ನಂಥ ಸಂಸ್ಥೆಗಳು. ಈಗ ಇಂಡಿಗೊದ 232 ಆಸನಗಳವರೆಗಿನ ಎ321 ನಿಯೊ ಕೆಂಪೇಗೌಡ ನಿಲ್ದಾಣದಲ್ಲಿ ನಿತ್ಯದ ನೋಟ. 2023ರಲ್ಲಿ ಇಂಡಿಗೊ ಒಮ್ಮೆಲೇ 500 ಎ320 ಕುಟುಂಬದ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಅದೇ ವರ್ಷ ಏರ್ ಇಂಡಿಯಾದ ಖರೀದಿ ಒಪ್ಪಂದದಲ್ಲಿ 70 ಎ321 ನಿಯೊಗಳಿದ್ದವು.

ಎಲ್ಲವೂ ಸುಗಮವಾಗಿಲ್ಲ ಎಂಬುದನ್ನೂ ಹೇಳಬೇಕು. ಗೇರ್ ಎಂಜಿನ್‌ನ ಕೆಲವು ಭಾಗಗಳ ಲೋಹದ ಪುಡಿಯಲ್ಲಿ ದೋಷವಿತ್ತೆಂದು 2023ರಲ್ಲಿ ಪ್ರಕಟವಾದ ಮೇಲೆ ನೂರಾರು ವಿಮಾನಗಳು ತಪಾಸಣೆಗಾಗಿ ನೆಲದಲ್ಲೇ ನಿಂತವು. ಭಾರತದ ಸಂಸ್ಥೆಗಳಿಗೂ ಇದರ ಬಿಸಿ ಬಲವಾಗಿ ತಟ್ಟಿತು. 2025ರ ನವೆಂಬರ್ ಕೊನೆಯಲ್ಲಿ, ತೀವ್ರ ಸೌರ ವಿಕಿರಣದಿಂದ ಹಾರಾಟ ನಿಯಂತ್ರಣದ ದತ್ತಾಂಶ ಕೆಡಬಹುದೆಂದು ತಿಳಿದಾಗ, ಜಗತ್ತಿನಾದ್ಯಂತ ಸುಮಾರು 6,000 ವಿಮಾನಗಳ ತಂತ್ರಾಂಶವನ್ನು ತುರ್ತಾಗಿ ಸರಿಪಡಿಸಬೇಕಾಯಿತು. ಅಷ್ಟೊಂದು ವಿಮಾನಗಳ ಬಹುಪಾಲು ಕೆಲವೇ ದಿನಗಳಲ್ಲಿ ಸೇವೆಗೆ ಮರಳಿದ್ದು ಈ ಕುಟುಂಬದ ವ್ಯಾಪ್ತಿಗೂ ಶಿಸ್ತಿಗೂ ಸಾಕ್ಷಿ. ಅದಕ್ಕೆ ತುಸು ಮೊದಲು, ಅಕ್ಟೋಬರ್‌ನಲ್ಲಿ, ಬೋಯಿಂಗ್ 737ಅನ್ನು ಹಿಂದೆ ಹಾಕಿ ಎ320 ಕುಟುಂಬ ಜಗತ್ತಿನಲ್ಲಿ ಅತ್ಯಧಿಕ ಸಂಖ್ಯೆಯಲ್ಲಿ ಪೂರೈಕೆಯಾದ ಜೆಟ್ ಪ್ರಯಾಣಿಕ ವಿಮಾನವೆಂಬ ಕೀರ್ತಿಗೆ ಪಾತ್ರವಾಗಿತ್ತು. ಟುಲೂಸ್‌ನಲ್ಲಿ ಎರಡಂತಸ್ತಿನ ಮಹಾಕಾಯ ಎ380ಅನ್ನು ಜೋಡಿಸುತ್ತಿದ್ದ ಭವ್ಯ ಸಭಾಂಗಣದಲ್ಲಿ 2023ರಿಂದ ಎ321ರ ಜೋಡಣೆ ನಡೆಯುತ್ತಿದೆ.

ಮುಂದಿನ ಕುತೂಹಲವೆಲ್ಲ ನಕ್ಷೆಯ ಮೇಲಿದೆ. ಮುನ್ನೂರು ಆಸನಗಳ ದೊಡ್ಡ ವಿಮಾನವನ್ನು ನಿತ್ಯವೂ ತುಂಬಲು ಮಹಾನಗರಗಳಿಗಷ್ಟೇ ಸಾಧ್ಯ. ಇನ್ನೂರರ ಆಸುಪಾಸಿನ ಎಕ್ಸ್‌ಎಲ್‌ಆರ್‌ಗೆ ಎರಡನೇ ಸಾಲಿನ ನಗರಗಳೂ ಸಾಕು. ಬೆಂಗಳೂರಿನಿಂದ ಅಥೆನ್ಸ್ ಸುಮಾರು 6,000 ಕಿಲೋಮೀಟರ್, ಟೋಕಿಯೊ 6,700. ಎರಡೂ ಅದರ ತೆಕ್ಕೆಯಲ್ಲಿ ಆರಾಮವಾಗಿ ಬರುತ್ತವೆ. ಲಂಡನ್ 8,000 ಕಿಲೋಮೀಟರ್ ದೂರವಿದ್ದು, ಪಶ್ಚಿಮದ ಎದುರುಗಾಳಿ, ಮುಚ್ಚಿದ ವಾಯುಪ್ರದೇಶಗಳ ಬಳಸುದಾರಿ ಮತ್ತು ಕಾಯ್ದಿರಿಸಲೇಬೇಕಾದ ಇಂಧನವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು ಈ ವಿಮಾನದ ಅಂಚಿನಲ್ಲಿದೆ. ಇಂಡಿಗೊದ ಖರೀದಿ ಪಟ್ಟಿಯಲ್ಲಿ ಎಕ್ಸ್‌ಎಲ್‌ಆರ್‌ಗಳೂ ಇರುವುದರಿಂದ, ಇಂಥ ಮಾರ್ಗಗಳಲ್ಲಿ ಯಾವುದಕ್ಕೆ ಬೆಂಗಳೂರಿನಿಂದ ನೇರ ಸೇವೆ ದಕ್ಕೀತು ಎಂಬುದು ಇನ್ನು ಪ್ರಯಾಣಿಕರ ಸಂಖ್ಯೆಯನ್ನು ಅವಲಂಬಿಸಿದ ಪ್ರಶ್ನೆ.